ಬಿಸಿಲಿಗೆ ಚಾಚಿದ ಎಡಗೈ

೨೦೦೪ರಲ್ಲಿ ನಾನು ಶಿವಾಜಿನಗರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ಭಾರೀ ಹುದ್ದೆ ಎಂದುಕೊಳ್ಳಬೇಡಿ. ಇಡೀ ವಿಭಾಗಕ್ಕೆ ನಾನೊಬ್ಬಳೇ ವೈದ್ಯೆ. ಹಾಗಾಗಿ ನನಗೆ ನಾನೇ ಮುಖ್ಯಸ್ಥೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ, ಒಂದು ಪರೀಕ್ಷೆಯ ಮಂಚ, ಬಾಗಿಲಾಚೆ ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ತಮಿಳು, ಉರ್ದು, ಕನ್ನಡ ಒಟ್ಟಿಗೆ ಕೂತಿರುತ್ತಿದ್ದವು. ಹಲಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಮೂರರಲ್ಲೂ ಬೈಯಲು ಬರುತ್ತಿತ್ತು. ರೋಗಿಗಳನ್ನು ಬೈಯುವ ಡಾಕ್ಟರಮ್ಮ ಎಂಬ ಹೆಸರೂ ಇತ್ತು. ಅದು ಸುಳ್ಳೇನಲ್ಲ.

ಬೆಂಚಿನ ಮೇಲೆ ಕೂರದೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವರು ತೊನ್ನಿನ ರೋಗಿಗಳು. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನೋಸೈಟ್ ಎಂಬ ಜೀವಕೋಶ. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ತನ್ನದೇ ಈ ಕೋಶಗಳನ್ನು ಕೊಂದುಹಾಕಿದಾಗ ಅಲ್ಲಿ ಬಿಳಿ ಮಚ್ಚೆ ಏಳುತ್ತದೆ. ಅದಕ್ಕೆ ವಿಟಿಲಿಗೋ ಎನ್ನುತ್ತೇವೆ. ಅದು ಕುಷ್ಠವಲ್ಲ, ಮುಟ್ಟಿದರೆ ಅಂಟುವುದಿಲ್ಲ, ಮೀನು ತಿಂದು ಹಾಲು ಕುಡಿದರೆ ಬರುವುದೂ ಇಲ್ಲ. ಈ ಮೂರು ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ಲೆಕ್ಕವಿಲ್ಲ. ಗೋಡೆಗೂ ಬರೆಸಿ ಹಾಕಿದ್ದೆ. ಜನ ಓದಿ ತಲೆದೂಗಿ, ಪಕ್ಕದಲ್ಲಿ ಮಚ್ಚೆಯವರು ಕೂತರೆ ಸ್ವಲ್ಪ ಸರಿದು ಕೂರುತ್ತಿದ್ದರು.

ಮುಲಾಮು, ಮಾತ್ರೆ, ಬಿಸಿಲು ಇವು ಹಳೆಯ ಚಿಕಿತ್ಸೆಗಳು. ಕೆಲವರಿಗೆ ಹಿಡಿಸುತ್ತಿತ್ತು. ಹಿಡಿಸದವರಿಗೆ ಒಳ್ಳೆಯ ಚರ್ಮದಿಂದ ಸಣ್ಣ ಸಣ್ಣ ಬಿಲ್ಲೆ ತೆಗೆದು ಮಚ್ಚೆಯಲ್ಲಿ ಕೂರಿಸುವ ಪಂಚ್ ಗ್ರಾಫ್ಟ್ ಇತ್ತು. ಬಣ್ಣ ಬರುತ್ತಿತ್ತು, ಆದರೆ ಕಲ್ಲು ಹಾಸಿದ ನೆಲದಂತೆ ಉಬ್ಬುತಗ್ಗು ಉಳಿಯುತ್ತಿತ್ತು. ಆ ವರ್ಷಗಳಲ್ಲಿ ನಾವು ಹೊಸದೊಂದು ವಿಧಾನ ಶುರು ಮಾಡಿದ್ದೆವು. ರೋಗಿಯ ಮೈಯಿಂದಲೇ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಚರ್ಮ ತೆಗೆಯುವುದು, ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ನೆನೆಸಿ ಕೋಶಗಳನ್ನು ಒಂದರಿಂದೊಂದು ಬಿಡಿಸುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದಲ್ಲಿ ಕೂತ ಕೋಶಗಳನ್ನು ಕೆಲವು ಹನಿ ದ್ರವದಲ್ಲಿ ಕಲಸುವುದು, ಮಚ್ಚೆಯ ಮೇಲ್ಪದರವನ್ನು ಉಜ್ಜಿ ತೆಗೆದು ಆ ಹನಿಗಳನ್ನು ಅಲ್ಲಿ ಹರಡುವುದು. ಒಂದು ಚೂರು ಚರ್ಮದಿಂದ ಅದರ ಹತ್ತರಷ್ಟು ಜಾಗ ಮುಚ್ಚಬಹುದು. ಒಂದೇ ಷರತ್ತು: ಮಚ್ಚೆ ಕನಿಷ್ಠ ಒಂದು ವರ್ಷ ಬೆಳೆಯದೆ ನಿಂತಿರಬೇಕು. ನಮ್ಮಲ್ಲಿ ಸೆಂಟ್ರಿಫ್ಯೂಜ್ ಇರಲಿಲ್ಲ. ರಕ್ತಪರೀಕ್ಷೆಯ ಲ್ಯಾಬಿನದನ್ನೇ ಲ್ಯಾಬ್ ಟೆಕ್ನಿಷಿಯನ್ ಅನ್ವರ್ ನಮಗೆ ಬಿಡುವು ಮಾಡಿ ಕೊಡುತ್ತಿದ್ದರು.

ಗುರಮ್ಮ ನನ್ನ ಕೋಣೆಗೆ ಬಂದದ್ದು ಇಂಥ ದಿನಗಳಲ್ಲಿ. ಅರವತ್ತರ ಆಸುಪಾಸಿನ ಹೆಂಗಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು. ಹಿಂದೆ ಆಕೆಯ ಸೊಸೆ ಶರಣಮ್ಮ, ಸೆರಗಿನೊಳಗೆ ಎಡಗೈ ಹುದುಗಿಸಿಕೊಂಡು. ಯಾದಗಿರಿ ಕಡೆಯವರು. ಗುರಮ್ಮನ ಮಗ ಸೆಂಟ್ರಿಂಗ್ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ. ಹೊರಮಾವಿನಲ್ಲಿ ತಗಡಿನ ಮಾಡಿನ ಒಂದು ಬಾಡಿಗೆ ಕೋಣೆಯಲ್ಲಿ ಮೂವರ ಸಂಸಾರ. ಅಲ್ಲೆಲ್ಲ ಆಗ ಹೊಲಗಳು ಹೋಗಿ ಅಪಾರ್ಟ್‌ಮೆಂಟ್ ಏಳುತ್ತಿದ್ದ ಕಾಲ.

"ಕೈ ತೋರ್ಸು ಶರಣಿ. ಇಲ್ಲಿ ಯಾರೂ ನೋಡಾಂಗಿಲ್ಲ, ಡಾಕ್ಟರಮ್ಮೋರ ಅಷ್ಟ ನೋಡ್ತಾರ," ಎಂದರು ಗುರಮ್ಮ.

ಸೆರಗು ಸರಿಯಿತು. ಎಡ ಮುಂಗೈಯಿಂದ ಇಳಿದು ಹಸ್ತದ ಹಿಂಭಾಗವನ್ನೆಲ್ಲ ಆವರಿಸಿ, ಬೆರಳ ಗಿಣ್ಣುಗಳ ತನಕ ಹಬ್ಬಿದ ಒಂದೇ ಬಿಳಿ ಪಟ್ಟಿ. ಬೆರಳ ತುದಿಗಳು, ಬಲಗೈ, ಮುಖ ಎಲ್ಲ ನಿರ್ಮಲ. ದೇಹದ ಒಂದೇ ಮಗ್ಗುಲಿಗೆ ಬಂದು ನಿಲ್ಲುವ ಈ ಬಗೆಗೆ ಸೆಗ್ಮೆಂಟಲ್ ವಿಟಿಲಿಗೋ ಎನ್ನುತ್ತಾರೆ. ಕೋಶ ಕಸಿಗೆ ಇದಕ್ಕಿಂತ ಒಳ್ಳೆಯ ರೋಗಿ ಸಿಗುವುದಿಲ್ಲ. ನನಗೆ ಒಳಗೊಳಗೇ ಖುಷಿ. ಮಚ್ಚೆಯ ಅಂಚಿನಲ್ಲಿ ಹಳೆಯ ಸುಟ್ಟ ಗುರುತುಗಳೂ ಇದ್ದವು. ಯಾರೋ ಬಾವಂಚಿ ಬೀಜದ ಎಣ್ಣೆ ಹಚ್ಚಿಸಿ ಬಿಸಿಲಿಗೆ ನಿಲ್ಲಿಸಿದ್ದರಂತೆ. ಚರ್ಮದಲ್ಲಿ ಬೊಬ್ಬೆ ಎದ್ದು, ಔಷಧಿಗಾಗಿ ಅತ್ತೆ ಸೊಸೆ ಊರೆಲ್ಲ ಓಡಾಡಿದರಂತೆ.

ಕಥೆಯನ್ನೆಲ್ಲ ಹೇಳಿದ್ದು ಗುರಮ್ಮನೇ. ಶರಣಮ್ಮ ಜೋಳದ ರೊಟ್ಟಿ ಬಡಿಯುವುದರಲ್ಲಿ ಗಟ್ಟಿ. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರಿನ ಜನಕ್ಕೆ ಇಲ್ಲಿನ ಅನ್ನ, ಮುದ್ದೆ ಒಗ್ಗದು. ಶರಣಮ್ಮ ಬುಟ್ಟಿ ತುಂಬ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಟ್ಟುಕೊಂಡು ಒಂದು ಸೈಟಿನ ಗೇಟಿನಲ್ಲಿ ಕೂರಲು ಶುರು ಮಾಡಿದಳು. ಜನ ಮುಗಿಬಿದ್ದರು. ಆಮೇಲೆ ಕೈ ಬೆಳ್ಳಗಾಯಿತು. ಒಂದು ಮಧ್ಯಾಹ್ನ ಮೇಸ್ತ್ರಿಯೊಬ್ಬ ಆ ಕೈ ನೋಡಿ ಎಲ್ಲರಿಗೂ ಹೇಳಿದ. ಮರುದಿನ ಬುಟ್ಟಿಯ ಬಟ್ಟೆಯನ್ನು ಒಬ್ಬರೂ ಎತ್ತಲಿಲ್ಲ. ಮಾಡಿದ್ದ ರೊಟ್ಟಿಯನ್ನು ಹಾಗೇ ಮನೆಗೆ ಹೊತ್ತು ತಂದು, ಒಣಗಿಸಿ, ಆ ಕಟಕ ರೊಟ್ಟಿಯನ್ನು ಮನೆಯವರೇ ವಾರವಿಡೀ ತಿಂದರು.

"ಅವತ್ತಿನಿಂದ ಈಕಿ ಹೊರಗ ಬರಾಂಗಿಲ್ರಿ," ಎಂದರು ಗುರಮ್ಮ. "ಒಳಗ ಕುಂತು ರೊಟ್ಟಿ ಬಡೀತಾಳ, ನಾ ಬ್ಯಾರೆ ಗೇಟಿಗೆ ಒಯ್ದು ಮಾರ್ತೀನಿ. ನಾನ ಬಡದೀನಿ ಅಂತ ಹೇಳ್ತೀನಿ. ಮಂದಿ ನನ್ನ ಹೊಗಳ್ತಾರ. 'ಏನ್ ಕೈ ರುಚಿ ಅಮ್ಮಾ ನಿಂದು' ಅಂತಾರ. ಆ ಮಾತು ನನಗ ಗಂಟಲಾಗ ಇಳ್ಯಾಂಗಿಲ್ರಿ."

ಅತ್ತೆ ಸೊಸೆಯರ ಜಗಳ ಕೇಳಿ ಕೇಳಿ ಕಿವಿ ತೂತಾದವಳು ನಾನು. ಸೊಸೆಯ ಹೊಗಳಿಕೆ ತನಗೆ ಬರುತ್ತಿದೆ ಎಂದು ಅತ್ತೆ ಸಂಕಟಪಡುವುದನ್ನು ಅದೇ ಮೊದಲು ಕಂಡೆ. ನಿಮಗೇನು ಬೇಕಮ್ಮ ಎಂದು ಶರಣಮ್ಮನನ್ನೇ ಕೇಳಿದೆ. ಆಕೆ ಸೆರಗನ್ನು ಮತ್ತೆ ಕೈಮೇಲೆ ಎಳೆದುಕೊಂಡಳು.

"ನನ್ನ ಕೈಲೆ ನಾನ ಮಂದಿಗೆ ರೊಟ್ಟಿ ಕೊಡಬೇಕ್ರಿ. ಅಷ್ಟ," ಎಂದಳು.

ಮಚ್ಚೆ ಎರಡು ವರ್ಷದಿಂದ ಬೆಳೆದಿಲ್ಲ ಎಂದು ಖಾತ್ರಿ ಮಾಡಿಕೊಂಡು ಆಪರೇಷನ್ನಿಗೆ ಒಪ್ಪಿಕೊಂಡೆ. ಮುಂದಿನ ಭೇಟಿಯಲ್ಲಿ ಕೂರಿಸಿಕೊಂಡು ಎಲ್ಲ ವಿವರಿಸಿದೆ. ಗುರಮ್ಮ ಹೊಲದ ಭಾಷೆಯಲ್ಲಿ ಅರ್ಥ ಮಾಡಿಕೊಂಡರು: ಒಂದು ಕಡೆ ಸಸಿ ಕಿತ್ತು ಇನ್ನೊಂದು ಕಡೆ ನಾಟಿ. ಹೆಚ್ಚು ಕಡಿಮೆ ಸರಿಯೇ ಇತ್ತು.

"ಸಸಿ ಎಲ್ಲಿಂದ ಕೀಳ್ತೀರಿ?" ಎಂದು ಕೇಳಿದರು.

"ತೊಡೆಯಿಂದ," ಎಂದೆ. ಅದು ನಮ್ಮ ರೂಢಿ. ತೊಡೆಯಲ್ಲಿ ಜಾಗ ಹೆಚ್ಚು, ಚರ್ಮ ಬಿಗಿಯಾಗಿರುತ್ತದೆ, ಗುರುತು ಯಾರಿಗೂ ಕಾಣದು.

ಗುರಮ್ಮ ಎದ್ದು ನಿಂತರು. "ಎಡಗೈ ರೀ ಅದು. ದಿನಾ ಲಿಂಗ ಇಟ್ಕೊಂಡು ಪೂಜಿ ಮಾಡೋ ಕೈ. ಕಾಲಿನ ಚರ್ಮ ತಂದು ಅದರ ಮ್ಯಾಲ ಹಾಕ್ತೀರೇನು?"

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜಿಸುವುದು ಅವರ ಪದ್ಧತಿ. ಅದು ನನಗೆ ಗೊತ್ತಿತ್ತು. ಆದರೆ ತೊಡೆಗೂ ಅದಕ್ಕೂ ಯಾವತ್ತೂ ಗಂಟು ಹಾಕಿ ನೋಡಿರಲಿಲ್ಲ. ನೋಡೀಮ್ಮ, ಚರ್ಮ ಎಲ್ಲ ಒಂದೇ, ಕೋಶಕ್ಕೆ ಮೇಲು ಕೀಳು ಗೊತ್ತಿಲ್ಲ ಎಂದು ಶುರು ಮಾಡಿದೆ. ನನ್ನ ಭಾಷಣ ಮುಗಿಯುವ ಮೊದಲೇ ಇಬ್ಬರೂ ಬಾಗಿಲು ದಾಟಿದ್ದರು. ಅಂಥ ಒಳ್ಳೆಯ ರೋಗಿ ಕೈತಪ್ಪಿದಳಲ್ಲ ಎಂದು ಆ ದಿನವೆಲ್ಲ ಸಿಡಿಮಿಡಿಗೊಂಡಿದ್ದೆ. ನರ್ಸಿಗೂ ಬೈದೆ, ಪಾಪ, ಆಕೆಯದೇನೂ ತಪ್ಪಿರಲಿಲ್ಲ.

ಕೆಲವು ದಿನಗಳಾದ ಮೇಲೆ ಗುರಮ್ಮ ಒಬ್ಬರೇ ಬಂದರು. ಕುರ್ಚಿ ಎಳೆದುಕೊಂಡು ಕೂತು, ರವಿಕೆಯ ತೋಳನ್ನು ಭುಜದ ತನಕ ಮಡಿಚಿ, ತೋಳನ್ನು ನನ್ನ ಮೇಜಿನ ಮೇಲೆ ಚಾಚಿದರು.

"ನಂದ ತಗೋರಿ. ವಯಸ್ಸಾದ್ರೂ ಚರ್ಮ ಗಟ್ಟಿ ಅದ. ಎಷ್ಟು ಬೇಕೋ ಅಷ್ಟು ತಗೋರಿ."

ನಾನು ಪೆನ್ನು ಕೆಳಗಿಟ್ಟು ಹೇಳಿದೆ: "ಅಮ್ಮಾ, ಇನ್ನೊಬ್ಬರ ಚರ್ಮ ಹಾಕಿದ್ರೆ ದೇಹ ಒಪ್ಪಲ್ಲ. ಸ್ವಲ್ಪ ದಿನದಲ್ಲೇ ಇದು ನನ್ನದಲ್ಲ ಅಂತ ತಳ್ಳಿಬಿಡತ್ತೆ."

ಗುರಮ್ಮನ ಮುಖ ಇಳಿದುಹೋಯಿತು. "ಆಕಿ ಲಗ್ನ ಆಗಿ ಬಂದಾಗಿಂದ ಒಂದ ತಾಟಿನಾಗ ಉಂಡೀವ್ರಿ. ಆಕಿ ಮೈ ನನ್ನ ಒಲ್ಲೆ ಅಂತದೇನು?"

ಇಮ್ಯುನಾಲಜಿಯ ಪಾಠವನ್ನು ಇಷ್ಟು ವೈಯಕ್ತಿಕವಾಗಿ ತೆಗೆದುಕೊಂಡವರನ್ನು ನಾನು ಕಂಡಿಲ್ಲ. ಆಕಿ ಮೈ ಮಾತ್ರ ಅಲ್ಲಮ್ಮ, ಯಾರ ಮೈಯೂ ಯಾರದ್ದನ್ನೂ ಒಪ್ಪಲ್ಲ, ಹೆತ್ತ ತಾಯಿದೂ ಒಪ್ಪಲ್ಲ ಎಂದೆ. ಹೆತ್ತ ತಾಯಿದೂ ಒಪ್ಪುವುದಿಲ್ಲ ಎಂಬ ಮಾತು ಮಾತ್ರ ಅವರಿಗೆ ಕೊಂಚ ಸಮಾಧಾನ ತಂದಂತೆ ಕಂಡಿತು. ಅಷ್ಟರಲ್ಲಿ ಯಾವುದೋ ರಿಪೋರ್ಟ್ ಕೊಡಲು ಬಂದಿದ್ದ ಅನ್ವರ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ತೊಡೆಯ ಚರ್ಮದ ತಕರಾರನ್ನು ನಾನು ಅವರಿಗೆ ಮೊದಲೇ ಹೇಳಿದ್ದೆ.

"ಮೇಡಂ, ನಮ್ಮ ಮನೇಲೂ ಬಲಗೈ ಎಡಗೈ ಅಂತ ಲೆಕ್ಕ ಇದೆ," ಎಂದರು. "ಸೊಸೆ ತೋಳಿಂದಾನೇ ತೆಗೆದ್ರೆ ನಮಗೇನು ಕಷ್ಟ?"

ಕಷ್ಟ ನನ್ನ ಕೈಗೆ ಮಾತ್ರ. ತೋಳಿನ ಒಳಮಗ್ಗುಲ ಚರ್ಮ ಮೆತ್ತಗೆ, ಬ್ಲೇಡು ಜಾರುತ್ತದೆ, ಸಿಗುವ ಜಾಗವೂ ಕಡಿಮೆ. ಆದರೆ ಶರಣಮ್ಮನ ಮಚ್ಚೆಗೆ ಅಷ್ಟು ಸಾಕಿತ್ತು. ಬಲತೋಳಿನ ಒಳಭಾಗದಿಂದ ತೆಗೆಯುತ್ತೇನೆ, ರವಿಕೆಯ ತೋಳಿನೊಳಗೆ ಗುರುತು ಮುಚ್ಚಿಹೋಗುತ್ತದೆ ಎಂದೆ.

"ಇದನ್ನ ಮೊದ್ಲ ಹೇಳಬಾರದಿತ್ತೇನ್ರಿ? ಸುಮ್ನ ಬಸ್ಸಿಗೆ ರೊಕ್ಕ ದಂಡ," ಎಂದು ನನ್ನನ್ನೇ ಗದರಿಸಿ ಗುರಮ್ಮ ತೋಳು ಇಳಿಸಿಕೊಂಡರು.

ಆಪರೇಷನ್ನಿನ ದಿನ ಗುರಮ್ಮನ ಮಗನೂ ಬಂದಿದ್ದ. ಸಹಿ ಮಾಡಿದ. ಏನಾದರೂ ಕೇಳುವುದಿದೆಯಾ ಎಂದರೆ, "ಇವರಿಬ್ಬರ ನಡುವ ನಾ ಮಾತಾಡಾಂಗಿಲ್ರಿ," ಎಂದು ನಕ್ಕು ಬೆಂಚಿನ ಮೇಲೆ ಕೂತ. ಬಲತೋಳಿಗೂ ಎಡ ಹಸ್ತಕ್ಕೂ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಉಸಿರು ಬಿಗಿಹಿಡಿದು, ತೋಳಿನಿಂದ ತೆಳ್ಳಗೆ ಒಂದು ಪದರ ಎತ್ತಿದೆ. ಅನ್ವರ್ ಅದನ್ನು ಟ್ರಿಪ್ಸಿನ್ನಿನಲ್ಲಿ ಮುಳುಗಿಸಿ, ಮೈ ಬಿಸಿಯಷ್ಟೇ ಕಾವಿರುವ ಪೆಟ್ಟಿಗೆಯಲ್ಲಿಟ್ಟರು. ಅದು ಬಿಡಿಸಿಕೊಳ್ಳಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಆ ಹೊತ್ತಿನಲ್ಲಿ ನಾನು ಹಸ್ತದ ಮಚ್ಚೆಯನ್ನು ಡರ್ಮಾಬ್ರೇಡರಿನಿಂದ, ಅಂದರೆ ತಿರುಗುವ ಒಂದು ಸಣ್ಣ ಚಕ್ರದಿಂದ, ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಕಾಣುವ ತನಕ ಉಜ್ಜಿದೆ. ಹೆಚ್ಚು ಉಜ್ಜಿದರೆ ಕಲೆ, ಕಡಿಮೆಯಾದರೆ ಕೋಶ ಕಚ್ಚುವುದಿಲ್ಲ. ಗಿಣ್ಣುಗಳ ಮೇಲೆ ಇದು ಇನ್ನೂ ನಾಜೂಕು. ಬೆರಳು ಮಡಿಸಿದಾಗಲೆಲ್ಲ ಅಲ್ಲಿನ ಚರ್ಮ ಎಳೆದಾಡುತ್ತದೆ.

ಶರಣಮ್ಮ ನೋವಾಗುತ್ತದಾ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದು ಒಂದೇ: "ಬಣ್ಣ ಬಂದಮ್ಯಾಗ ಬಿಸಿ ಹಿಟ್ಟು ನಾದಿದ್ರ ಹೋಗ್ತದೇನ್ರಿ?"

"ಬಂದ ಬಣ್ಣ ನಿಮ್ಮದೇ. ಹಿಟ್ಟಿಗೂ ಹೋಗಲ್ಲ, ನೀರಿಗೂ ಹೋಗಲ್ಲ," ಎಂದೆ.

ಸೆಂಟ್ರಿಫ್ಯೂಜ್ ನಿಂತ ಮೇಲೆ ಅನ್ವರ್ ಸಿರಿಂಜ್ ತಂದುಕೊಟ್ಟರು. ಅದರಲ್ಲಿದ್ದದ್ದು ಅಂಬಲಿಯ ತಿಳಿಯಂಥ ಮಬ್ಬು ದ್ರವ, ಕೆಲವೇ ಹನಿ. ಅಷ್ಟರಲ್ಲಿ ಲಕ್ಷಗಟ್ಟಲೆ ಕೋಶಗಳಿರುತ್ತವೆ ಎಂದು ನನಗೆ ಗೊತ್ತಿದ್ದರೂ ಪ್ರತಿ ಸಲ ಹರಡುವಾಗ ಇದೇನು ಮಾಡೀತು ಎಂಬ ಅನುಮಾನ ಒಂದು ಕ್ಷಣ ಬಾರದೆ ಇರುತ್ತಿರಲಿಲ್ಲ. ಮೇಲೆ ಗಾಯ ಕಾಯುವ ಕೊಲಾಜನ್ ಹಾಳೆ, ಅಂಟದಂತೆ ಜಿಡ್ಡು ಸವರಿದ ಜಾಳುಬಟ್ಟೆ, ಹತ್ತಿ. ಕೈ ಅಲುಗದಂತೆ ಪಕ್ಕದಿಂದ ಪಟ್ಟಿ ಕಟ್ಟಿದೆ, ಅಂಗೈಯ ನಡುಭಾಗ ತೆರೆದಿರುವಂತೆ. ಪೂಜೆ ತಪ್ಪಬಾರದಲ್ಲ.

ಒಂದು ವಾರ ಕೈ ಅಲುಗಬಾರದು, ಆಮೇಲೂ ಕೆಲವು ವಾರ ಬಿಸಿ, ಉಜ್ಜಾಟ, ರೊಟ್ಟಿ ಯಾವುದೂ ಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ರೊಟ್ಟಿಯ ವ್ಯಾಪಾರ ನಿಲ್ಲಿಸಿದರೆ ಗಿರಾಕಿಗಳು ಬೇರೆ ಕಡೆ ಹೋಗಿಬಿಡುತ್ತಾರೆ ಎಂಬ ಚಿಂತೆ ಅವರದು. ಗುರಮ್ಮ ಎದೆ ತಟ್ಟಿಕೊಂಡರು: "ನಾ ಬಡೀತೀನಿ ಬಿಡ್ರಿ. ನಾನೇನು ರೊಟ್ಟಿ ಬಡೀದ ಮುದುಕ್ಯಾದೆನೇನು?"

ಆ ಮಾತಿಗೆ ಶರಣಮ್ಮ ಅತ್ತೆಯ ಮುಖ ನೋಡಿ, ಏನೋ ಹೇಳಹೊರಟು, ಬಾಯಿ ಮುಚ್ಚಿಕೊಂಡಳು. ಯಾಕೆಂದು ನನಗೆ ಆಮೇಲೆ ತಿಳಿಯಿತು.

ವಾರದ ನಂತರ ಪಟ್ಟಿ ಬಿಚ್ಚಿದಾಗ ಹಸ್ತ ಎಳೆ ಗುಲಾಬಿ ಬಣ್ಣಕ್ಕಿತ್ತು. ಎಲ್ಲ ಚೆನ್ನಾಗಿತ್ತು. ಮತ್ತೆ ಮೂರು ವಾರ ಬಿಟ್ಟು ಬಂದಾಗ ಅತ್ತೆ ಸೊಸೆ ಇಬ್ಬರೂ ಮಾತು ಬಿಟ್ಟಿದ್ದರು. ಒಬ್ಬರು ಕೋಣೆಯ ಈ ಮೂಲೆ, ಇನ್ನೊಬ್ಬರು ಆ ಮೂಲೆ. ನಾನು ಭೂತಕನ್ನಡಿ ಹಿಡಿದು ಹಸ್ತ ನೋಡುತ್ತಿದ್ದೆ. ಗುಲಾಬಿಯ ನಡುವೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಮೂಡಿದ್ದವು. ಕೋಶಗಳು ಕಚ್ಚಿಕೊಂಡು ಬಣ್ಣ ಮಾಡಲು ತೊಡಗಿದ್ದವು. ನನಗೆ ಕುಣಿಯುವಷ್ಟು ಸಂತೋಷ. ತಲೆ ಎತ್ತಿ ನೋಡಿದರೆ ಶರಣಮ್ಮನ ಕಣ್ಣಲ್ಲಿ ನೀರು, ಅದು ಸಂತೋಷದ್ದಲ್ಲ.

"ಏನಾಯ್ತು?" ಎಂದೆ.

"ಅವರನ್ನ ಕೇಳ್ರಿ," ಎಂದಳು.

ಆದದ್ದು ಇಷ್ಟು. ಗುರಮ್ಮನಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹರೆಯದಲ್ಲೂ ಬರುತ್ತಿರಲಿಲ್ಲವಂತೆ, ಅವರ ಮನೆಯಲ್ಲಿ ಯಾವಾಗಲೂ ನಾದಿನಿಯರೇ ಬಡಿಯುತ್ತಿದ್ದರಂತೆ. ಹಟಕ್ಕೆ ಬಿದ್ದು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು, ನಡುವೆ ಹಸಿಹಿಟ್ಟು. ಮೊದಲ ದಿನ ಗಿರಾಕಿಗಳು ಸುಮ್ಮನೆ ತಿಂದರು. ಎರಡನೆಯ ದಿನ ಅಮ್ಮನಿಗೆ ಮೈ ಸರಿ ಇಲ್ಲವೇನೋ ಎಂದು ಕನಿಕರಪಟ್ಟರು. ವಾರ ಕಳೆದರೂ ಅದೇ ಆದಾಗ ಒಬ್ಬ ಗಾರೆಯವನು ರೊಟ್ಟಿ ಎತ್ತಿ ಹಿಡಿದು, "ಅಮ್ಮಾ, ಕೈ ರುಚಿ ಎಲ್ಲಿ ಹೋಯ್ತು?" ಎಂದು ಕೇಳಿಯೇಬಿಟ್ಟ.

ಗುರಮ್ಮ ತಡೆಯಲಾರದೆ ಹೇಳಿಬಿಟ್ಟರು. ನೀವು ಇಷ್ಟು ದಿನ ಉಂಡದ್ದು ನನ್ನ ಸೊಸೆ ಬಡಿದದ್ದು. ಆಕೆಯ ಕೈಗೆ ತೊನ್ನು. ಈಗ ಅದಕ್ಕೆ ಆಪರೇಷನ್ ಆಗಿದೆ. ಬೇಕಾದರೆ ತಿನ್ನಿ, ಬೇಡವಾದರೆ ಬಿಡಿ.

"ಅತ್ತಿ, ನಾ ಸೆರಗಿನಾಗ ಮುಚ್ಚಿಟ್ಟಿದ್ದು ನೀವು ಗೇಟಿನಾಗ ತಗದಿಟ್ರಿ," ಎಂದಳು ಶರಣಮ್ಮ. ಆಕೆಯ ಧ್ವನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. "ಬಣ್ಣ ಬರಾಕತ್ತಿತ್ತು. ಇನ್ನ ಸ್ವಲ್ಪ ದಿನ ತಡೀಬೇಕಿತ್ತು. ಬಣ್ಣ ಬಂದಮ್ಯಾಗ ಯಾರಿಗೂ ಗೊತ್ತ ಆಗ್ತಿರಲಿಲ್ಲ."

"ಬಣ್ಣ ಬಂದಮ್ಯಾಗೂ ಹೊಗಳಿಕಿ ನನಗ ಬರ್ತಿತ್ತು," ಎಂದರು ಗುರಮ್ಮ. "ಒಳಗ ಕುಂತು ಬಡಿ, ಹೊರಗ ಮಾರು, ಸಾಯೋತನಕ ಇದ ಏನು? ನಿನ್ನ ಹೆಸರು ಒಂದಿನಾರೆ ಹೇಳಬೇಕು ಅನಿಸ್ತು. ಹೇಳ್ದೆ."

ಗಿರಾಕಿಗಳು ಏನಂದರು ಎಂದು ನಾನು ಕೇಳಿದೆ. ಕೆಲವರು ಅರ್ಧ ತಿಂದ ರೊಟ್ಟಿ ಇಟ್ಟು ಎದ್ದು ಹೋದರಂತೆ, ಮತ್ತೆ ಬರಲಿಲ್ಲವಂತೆ. ಆ ಗಾರೆಯವನು ಮಾತ್ರ ಅಲ್ಲೇ ಕೂತು ಯೋಚಿಸಿ, "ಇಷ್ಟು ದಿನ ಉಂಡೀವಿ, ನಮಗೇನಾಗ್ಯದ?" ಎಂದನಂತೆ. ನನ್ನ ಗೋಡೆಬರಹ ಇಷ್ಟು ವರ್ಷ ಮಾಡಲಾಗದ್ದನ್ನು ಒಂದು ಬುಟ್ಟಿ ರೊಟ್ಟಿ ಮಾಡಿತ್ತು. ಆದರೆ ಅದನ್ನು ಶರಣಮ್ಮನ ಮುಂದೆ ಹೇಳುವ ಸಮಯವಲ್ಲ ಅದು. ಆಕೆ ನಿಜಕ್ಕೂ ನೊಂದಿದ್ದಳು, ಆಕೆಯ ಪಕ್ಷದಲ್ಲೂ ನ್ಯಾಯವಿತ್ತು. ಕೈ ಆಕೆಯದು.

ಮುಂದಿನ ಸಮಸ್ಯೆ ತಂದದ್ದು ನಾನು. ಚುಕ್ಕೆಗಳು ಮೂಡಿದ ಮೇಲೆ ಅವು ಹಬ್ಬಿ ಒಂದಕ್ಕೊಂದು ಕೂಡಿಕೊಳ್ಳಲು ಬೆಳಕು ಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆ ದೀಪದ ಯಂತ್ರವಿತ್ತು; ನಮ್ಮಲ್ಲಿ ಇದ್ದದ್ದು ಸೂರ್ಯ. ದಿನಾ ಸ್ವಲ್ಪ ಹೊತ್ತು, ಮೊದಲು ಕೆಲವೇ ನಿಮಿಷ, ಆಮೇಲೆ ಏರಿಸುತ್ತ, ಕೈಯನ್ನು ಬಿಸಿಲಿಗೆ ಹಿಡಿಯಬೇಕು ಎಂದೆ. ಸೆರಗು ಮುಚ್ಚಬಾರದು.

ಶರಣಮ್ಮ ತಲೆ ಅಲ್ಲಾಡಿಸಿದಳು. ಅವರ ಕೋಣೆಗೆ ಮೂರು ಕಡೆ ಎದ್ದ ಕಟ್ಟಡಗಳು. ಬಾಗಿಲಿಗೆ ಬಿಸಿಲು ಬೀಳುವುದೇ ಇಲ್ಲ. ಬೀಳುವುದೆಂದರೆ ರಸ್ತೆಯಾಚೆ, ಗುರಮ್ಮ ಬುಟ್ಟಿ ಇಟ್ಟುಕೊಂಡು ಕೂರುವ ಗೇಟಿನ ಮುಂದೆ.

"ಅಲ್ಲಿ ನಾ ಕೂಡಾಂಗಿಲ್ರಿ," ಎಂದಳು.

ನನಗೆ ರೇಗಿತು. ಇಷ್ಟು ಕಷ್ಟಪಟ್ಟು ನೆಟ್ಟ ಕೋಶಗಳು ಒಂದು ತುಂಡು ಬಿಸಿಲಿಲ್ಲದೆ ಸೊರಗುವುದೆಂದರೆ! ಬಾಯಿಗೆ ಬಂದದ್ದು ಹೇಳಲು ಹೊರಟವಳು, ಆಕೆಯ ಮುಖ ನೋಡಿ ನಿಲ್ಲಿಸಿದೆ. ಬಿಸಿಲಿಲ್ಲದೆಯೂ ಸ್ವಲ್ಪ ಬಣ್ಣ ಬರುತ್ತದೆ, ಆದರೆ ನಿಧಾನ, ಪೂರ್ತಿ ಬಾರದೆಯೂ ಇರಬಹುದು ಎಂದಷ್ಟೇ ಹೇಳಿದೆ. ನಿರ್ಧಾರ ನಿಮ್ಮದಮ್ಮ ಎಂದೆ. ಹಾಗೆ ಹೇಳುವುದು ನನ್ನ ಸ್ವಭಾವಕ್ಕೆ ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಮುಂದಿನ ತಿಂಗಳು ಬಂದಾಗ ಚುಕ್ಕೆಗಳು ತೊಗರಿ ಕಾಳಿನಷ್ಟಾಗಿದ್ದವು, ಕೆಲವು ಕಡೆ ಒಂದಕ್ಕೊಂದು ತಾಗಿದ್ದವು. ಬಿಸಿಲು ಕಂಡ ಕೈ ಅದು, ನೋಡಿದರೆ ತಿಳಿಯುತ್ತಿತ್ತು.

"ಹೋಗಿ ಕೂತ್ರಾ?" ಎಂದೆ.

ಶರಣಮ್ಮ ನಾಚಿದಳು. ಗುರಮ್ಮನೇ ಹೇಳಿದರು. ಮೊದಲ ದಿನ ಗೇಟಿನ ಬಳಿ ಗೋಡೆಗೆ ಮುಖ ಮಾಡಿ ಕೂತು, ಕೈಯೊಂದನ್ನೇ ಹಿಂದಕ್ಕೆ ಬಿಸಿಲಿಗೆ ಚಾಚಿದ್ದಳಂತೆ. ಆ ಗಾರೆಯವನು ಬಂದು, "ಅಕ್ಕಾ, ನೀನ ಏನು ರೊಟ್ಟಿ ಬಡಿಯಾಕಿ? ಜಲ್ದಿ ಆರಾಮಾಗು ತಾಯಿ. ನಿಮ್ಮತ್ತಿ ನಮ್ಮ ಹಲ್ಲು ಮುರೀತಾಳ," ಎಂದನಂತೆ. ಗೋಡೆಯ ಕಡೆಯಿಂದ ನಗು ಕೇಳಿಸಿತಂತೆ. ಅದಾದ ಮೇಲೆ ಈ ಕಡೆ ತಿರುಗಿ ಕೂತಳು.

"ಈಗ ದಿನಾ ಬಂದು ಕೇಳ್ತಾರ್ರಿ," ಎಂದಳು ಶರಣಮ್ಮ. "ಇವತ್ತೆಷ್ಟು ಬಂದದ, ತೋರ್ಸು ಅಂತಾರ. ಒಬ್ಬಾತ ಇಲ್ಲಿ ಹೊಸಾದು ಬಂದದ ಅಂತಾನ, ಇನ್ನೊಬ್ಬಾತ ಅದು ನಿನ್ನೇದು ಅಂತಾನ. ಜಗಳ ಆಡ್ತಾರ."

ನಾನು ನಕ್ಕು ನಕ್ಕು ಸುಸ್ತಾದೆ. ಹೊಲ ನೋಡಿ ಬೆಳೆದ ಜನ. ಎಲ್ಲಿ ಮೊಳೆಯಿತು, ಎಲ್ಲಿ ಮೊಳೆಯಲಿಲ್ಲ ಎಂದು ನೋಡುವುದು ಅವರಿಗೆ ರೂಢಿ. ಯಾವ ಕೈಯನ್ನು ಕಂಡರೆ ರೊಟ್ಟಿ ಮುಟ್ಟುತ್ತಿರಲಿಲ್ಲವೋ ಅದೇ ಕೈಯನ್ನು ಈಗ ಊಟದ ಬಿಡುವಿನಲ್ಲಿ ಸುತ್ತ ನಿಂತು ನೋಡುತ್ತಿದ್ದರು. ಅತ್ತೆ ಸೊಸೆ ಆ ದಿನ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು.

ಆರು ತಿಂಗಳ ಹೊತ್ತಿಗೆ ಹಸ್ತದ ಹಿಂಭಾಗ ಬಹುಪಾಲು ತುಂಬಿತು. ಬಣ್ಣ ಮೊದಲು ಸುತ್ತಲಿಗಿಂತ ಕೊಂಚ ಕಪ್ಪಗಿತ್ತು, ಬರಬರುತ್ತ ಹೊಂದಿಕೊಂಡಿತು. ತೋರುಬೆರಳು, ನಡುಬೆರಳುಗಳ ಗಿಣ್ಣುಗಳ ಮೇಲೆ ಮಾತ್ರ ಕೋಶ ಕಚ್ಚಲಿಲ್ಲ. ಎರಡು ಬಿಳಿ ಬೊಟ್ಟುಗಳು ಹಾಗೇ ಉಳಿದವು. ನನಗೆ ಆ ಎರಡು ಬೊಟ್ಟು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ. ಇನ್ನೊಂದು ಸಣ್ಣ ಆಪರೇಷನ್ ಮಾಡೋಣ ಎಂದೆ. ಆಗಲಿ, ನೋಡೋಣ್ರಿ ಎಂದು ಶರಣಮ್ಮ ಹೋದಳು. ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಫಾಲೋ-ಅಪ್ ತಪ್ಪಿಸುವ ರೋಗಿ ಎಂದರೆ ನನಗೆ ಮೈಯೆಲ್ಲ ಉರಿ.

ಮರುವರ್ಷದ ಬೇಸಿಗೆಯಲ್ಲಿ ಹೊರಮಾವಿನಲ್ಲಿ ಪರಿಚಯದವರ ಗೃಹಪ್ರವೇಶವಿತ್ತು. ಊಟಕ್ಕೆ ಕೂರದೆ, ವಿಳಾಸ ವಿಚಾರಿಸುತ್ತ, ಬೈಯಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಆ ಗೇಟಿನ ಬಳಿ ಹೋದೆ. ನೀಲಿ ಟಾರ್ಪಾಲಿನ ಕೆಳಗೆ ಒಲೆ ಉರಿಯುತ್ತಿತ್ತು. ಶರಣಮ್ಮ ಕಾಲು ಮಡಿಚಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಬಡಿಯುವುದು, ಎಡಗೈ ತಿರುಗಿಸುವುದು, ಎರಡೂ ಹಿಟ್ಟಿನಲ್ಲಿ ಬೆಳ್ಳಗೆ. ತವೆಯ ಮೇಲಿನ ರೊಟ್ಟಿಗೆ ಒದ್ದೆಬಟ್ಟೆ ಆಡಿಸುತ್ತಿದ್ದಳು. ಬೆಂದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಎದುರಿಗಿದ್ದವರ ತಟ್ಟೆಗೆ ಹಾಕುತ್ತಿದ್ದಳು. ಮುಂದೆ ಸಾಲು ನಿಂತಿತ್ತು. ಗುರಮ್ಮ ಪಕ್ಕದಲ್ಲಿ ಹಿಂಡಿ ಬಡಿಸುತ್ತ, ಸಾಲು ತಪ್ಪಿಸಿದವರನ್ನು ಗದರುತ್ತಿದ್ದರು.

ನನ್ನನ್ನು ಕಂಡು ಇಬ್ಬರೂ ಗಡಬಡಿಸಿ ಎದ್ದರು. ನಾನು ನಮಸ್ಕಾರ ಕೂಡ ಹೇಳಲಿಲ್ಲ. ಸೀದಾ ಹೋಗಿ ಶರಣಮ್ಮನ ಎಡಗೈ ಹಿಡಿದು, ಹಿಟ್ಟು ಒರೆಸಿ, ಬಿಸಿಲಿಗೆ ತಿರುಗಿಸಿದೆ. ಬಣ್ಣ ಅದ್ಭುತವಾಗಿ ನಿಂತಿತ್ತು. ಗಿಣ್ಣುಗಳ ಮೇಲಿನ ಆ ಎರಡು ಬೊಟ್ಟುಗಳೂ ನಿಂತಿದ್ದವು.

"ನೋಡಿ, ಇಲ್ಲಿ, ಇಲ್ಲಿ. ಇವೆರಡೂ ಉಳ್ಕೊಂಡಿವೆ. ಇನ್ನೊಂದೇ ಒಂದು ಸಲ ಬಂದ್ಬಿಡಿ, ತೋಳಿಂದ ಇಷ್ಟೇ ಇಷ್ಟು ತಗೊಂಡು..." ಎಂದು ಶುರು ಮಾಡಿದೆ. ಶರಣಮ್ಮ ಹೂಂ ಎನ್ನುತ್ತಿದ್ದಳು, ಕಣ್ಣು ಮಾತ್ರ ನನ್ನ ಭುಜದಾಚೆ ಒಲೆಯ ಮೇಲಿತ್ತು. ಸಾಲಿನಲ್ಲಿ ಮುಂದೆ ನಿಂತಿದ್ದವನು ತಟ್ಟೆ ಹಿಡಿದು ಒಮ್ಮೆ ನನ್ನನ್ನೂ ಒಮ್ಮೆ ತವೆಯನ್ನೂ ನೋಡಿದ.

"ಅಮ್ಮಾರ, ಆಕಿ ಕೈ ಬಿಡ್ರಿ," ಎಂದ. "ರೊಟ್ಟಿ ಹೊತ್ತಾಕತ್ತದ."

ನಾನು ಕೈ ಬಿಟ್ಟೆ.

ಬಿಳಿ ಎಲ್ಲಿ ಉಳಿದಿದೆ ಎಂದು ಹುಡುಕುವುದರಲ್ಲೇ ನನ್ನ ಕೆಲಸದ ಬಹುಭಾಗ ಕಳೆದಿತ್ತು. ಚಿಕಿತ್ಸೆ ಮುಗಿದದ್ದನ್ನು ಗುರುತಿಸುವುದೂ ಕೆಲಸದ ಭಾಗ ಎಂದು ಆ ಬಿಸಿಲಲ್ಲಿ ನಿಂತು ತಿಳಿದುಕೊಂಡೆ. ಆಮೇಲೆ ಕಿರಿಯ ವೈದ್ಯರಿಗೆ ಕಲಿಸುವಾಗಲೆಲ್ಲ ಹೇಳುತ್ತಿದ್ದೆ: ಬಣ್ಣ ಎಷ್ಟು ಬಂತೆಂದು ಅಳೆಯಿರಿ, ತಪ್ಪದೆ ಅಳೆಯಿರಿ, ಆದರೆ ಅದಕ್ಕಿಂತ ಮೊದಲು ಆ ಕೈ ಈಗ ಏನು ಮಾಡುತ್ತಿದೆ ಎಂದು ಕೇಳಿ. ಎರಡನೇ ಆಪರೇಷನ್ನಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಶರಣಮ್ಮ ಓಡಿಹೋಗಿ ರೊಟ್ಟಿ ತಿರುವಿದಳು. ಒಂದು ಮಗ್ಗುಲು ಕರಕಲಾಗಿತ್ತು. ಸಾಲಿನವನು ಅದು ಬೇಡವೆಂದ. ಗುರಮ್ಮ ಅದನ್ನು ತಟ್ಟೆಗೆ ಹಾಕಿ, ಮೇಲೆ ಹಿಂಡಿ ಸುರಿದು, ಎಣ್ಣೆ ಬಿಟ್ಟು, ನನ್ನ ಕೈಗೆ ಕೊಟ್ಟರು.

"ನಿಮ್ಮಿಂದ ಹೊತ್ತದ. ನೀವ ತಿನ್ರಿ."

ನಾನು ಸಾಲಿನ ಪಕ್ಕದಲ್ಲೇ ನಿಂತು ಪೂರ್ತಿ ತಿಂದೆ.